ಇಸಾಬೆಲ್ ಹ್ಯೂಪೇರ್ ಅವರ ಚಿತ್ರಗಳನ್ನು ಎಲ್ಲಿಂದ ಆರಂಭಿಸಿ, ಹೇಗೆ ನೋಡಬೇಕು

ಫ್ರೆಂಚ್ ನಟಿ ಇಸಾಬೆಲ್ ಹ್ಯೂಪೇರ್ ಅವರ ಒಂದು ಚಿತ್ರವನ್ನು ನೋಡಿ ಬೆರಗಾಗಿ, ಉಳಿದದ್ದನ್ನೂ ನೋಡಿಬಿಡೋಣವೆಂದು ಹೊರಟವರು ಬಹಳ ಬೇಗ ದಿಕ್ಕು ತಪ್ಪುತ್ತಾರೆ. 1971ರಲ್ಲಿ ಫ್ರೆಂಚ್ ಟೆಲಿವಿಷನ್ನಿಗಾಗಿ ತಯಾರಾದ 'ಲ ಪ್ರೂಸಿಯಾಂ' ಎಂಬ ಚಿತ್ರದಲ್ಲಿ ಕಾಣಿಸಿಕೊಂಡ ಅವರು ಅಂದಿನಿಂದ ಇಂದಿನವರೆಗೆ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ್ದಾರೆ. ವಯಸ್ಸು ಎಪ್ಪತ್ತು ದಾಟಿದ ಮೇಲೂ ಹೊಸ ಚಿತ್ರಗಳು ಬರುತ್ತಲೇ ಇವೆ. ಇಷ್ಟು ದೊಡ್ಡ ರಾಶಿಯ ಮುಂದೆ ನಿಂತವರು ಸಹಜವಾಗಿಯೇ ಪ್ರಶಸ್ತಿಗಳ ಪಟ್ಟಿಯನ್ನು ಹಿಡಿದು ಹೊರಡುತ್ತಾರೆ. ಆ ಪಟ್ಟಿಯ ತುದಿಯಲ್ಲಿರುವ 'ದಿ ಪಿಯಾನೋ ಟೀಚರ್' ಮತ್ತು 'ಎಲ್' ಎರಡನ್ನೂ ಒಂದೇ ವಾರದಲ್ಲಿ ನೋಡಿ ಮುಗಿಸಿ, ಈಕೆ ತಣ್ಣನೆಯ, ಕ್ರೂರ ಸ್ವಭಾವದ ಹೆಂಗಸರ ಪಾತ್ರಗಳಿಗೇ ಮೀಸಲಾದವರೆಂಬ ತೀರ್ಮಾನಕ್ಕೆ ಬಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಹಾಗೆ ನಿಲ್ಲಿಸಿದವರಿಗೆ ಆಗುವ ನಷ್ಟ ಸಣ್ಣದಲ್ಲ.

ಈ ಬರಹ ಅಂಥವರಿಗಾಗಿ. ಹ್ಯೂಪೇರ್ ಅವರ ವೃತ್ತಿಜೀವನವನ್ನು ಪ್ರಶಸ್ತಿಗಳ ಮೂಲಕವೋ ವರ್ಷಗಳ ಅನುಕ್ರಮದ ಮೂಲಕವೋ ನೋಡುವುದಕ್ಕಿಂತ, ಅವರು ಮತ್ತೆ ಮತ್ತೆ ಜೊತೆಗೂಡಿ ಕೆಲಸ ಮಾಡಿದ ನಿರ್ದೇಶಕರ ಮೂಲಕ ನೋಡುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಅವರು ಪಾತ್ರಗಳನ್ನು ಆರಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ನಿರ್ದೇಶಕರನ್ನು ಆರಿಸಿಕೊಂಡವರು. ಒಬ್ಬ ನಿರ್ದೇಶಕನೊಂದಿಗೆ ಹತ್ತಿಪ್ಪತ್ತು ವರ್ಷಗಳ ಅವಧಿಯಲ್ಲಿ ಮಾಡಿದ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅಭಿನಯ ಹೇಗೆ ಬದಲಾಯಿತು, ಯಾವುದು ಬದಲಾಗದೆ ಉಳಿಯಿತು ಎಂಬುದು ತಾನಾಗಿ ತಿಳಿಯುತ್ತದೆ.

ಹಿನ್ನೆಲೆಯಾಗಿ ತಿಳಿದಿರಬೇಕಾದದ್ದು ಹೆಚ್ಚೇನಿಲ್ಲ. 1953ರ ಮಾರ್ಚ್ 16ರಂದು ಪ್ಯಾರಿಸ್‌ನಲ್ಲಿ ಹುಟ್ಟಿದ ಅವರು ಐವರು ಮಕ್ಕಳಲ್ಲಿ ಕಿರಿಯವರು. ಬೆಳೆದದ್ದು ನಗರದ ಪಶ್ಚಿಮಕ್ಕಿರುವ ವಿಲ್-ದಾವ್ರೇ ಎಂಬ ಊರಿನಲ್ಲಿ. ವರ್ಸಾಯ್‌ನ ಕನ್ಸರ್ವೇಟರಿಯಲ್ಲಿಯೂ ಆನಂತರ ಪ್ಯಾರಿಸ್‌ನ ರಾಷ್ಟ್ರೀಯ ನಾಟಕ ಶಾಲೆಯಲ್ಲಿಯೂ ಕಲಿತರು, ರಷ್ಯನ್ ಭಾಷೆಯನ್ನೂ ಅಭ್ಯಾಸ ಮಾಡಿದರು. ಅಕ್ಕ ಕರೋಲಿನ್ ನಿರ್ದೇಶಕಿ, ಮಗಳು ಲೋಲಿತಾ ಶಮಾ ನಟಿ. ರಂಗಭೂಮಿಯನ್ನು ಅವರು ಎಂದೂ ಬಿಟ್ಟವರಲ್ಲ, ಆದರೆ ನಮ್ಮ ಕೈಗೆ ಸಿಗುವುದು ಪರದೆಯ ಮೇಲಿನ ಕೆಲಸ ಮಾತ್ರ.

ಮೊದಲು ನೋಡಬೇಕಾದ ಮೂರು

ಆರಂಭಕ್ಕೆ ಒಂದಕ್ಕೊಂದು ಸುಮಾರು ಇಪ್ಪತ್ತು ವರ್ಷಗಳ ಅಂತರವಿರುವ ಮೂರು ಚಿತ್ರಗಳನ್ನು ಆರಿಸಿಕೊಳ್ಳಿ: 1977ರ 'ದಿ ಲೇಸ್‌ಮೇಕರ್', 1995ರ 'ಲಾ ಸೆರೆಮೊನಿ', 2016ರ 'ಥಿಂಗ್ಸ್ ಟು ಕಮ್'. ಮೊದಲನೆಯದು ಮೂಲದಲ್ಲಿ 'ಲಾ ದಾಂತೆಲಿಯೇರ್', ಮೂರನೆಯದು 'ಲಾವ್ನೀರ್'. ಮೂರನ್ನೂ ಇದೇ ಅನುಕ್ರಮದಲ್ಲಿ, ನಡುವೆ ಅವರ ಬೇರೆ ಚಿತ್ರವನ್ನು ಸೇರಿಸದೆ ನೋಡುವುದು ಒಳ್ಳೆಯದು.

ಸ್ವಿಸ್ ನಿರ್ದೇಶಕ ಕ್ಲೋದ್ ಗೊರೆತಾ ಅವರ 'ದಿ ಲೇಸ್‌ಮೇಕರ್'ನಲ್ಲಿ ಹ್ಯೂಪೇರ್ ಅವರದು ಪೊಮ್ ಎಂಬ ಅಡ್ಡಹೆಸರಿನ ಹುಡುಗಿಯ ಪಾತ್ರ. ಪ್ಯಾರಿಸ್‌ನ ಒಂದು ಬ್ಯೂಟಿ ಪಾರ್ಲರ್‌ನಲ್ಲಿ ಕೆಲಸಕ್ಕಿರುವ ಈಕೆ ಮಾತು ಕಡಿಮೆ, ಯಾರಿಂದಲೂ ಏನನ್ನೂ ಕೇಳುವವಳಲ್ಲ. ನಾರ್ಮಂಡಿಯ ಕಡಲತೀರದ ಕಾಬೂರ್‌ಗೆ ರಜೆಗೆಂದು ಹೋದಾಗ ಸಾಹಿತ್ಯದ ವಿದ್ಯಾರ್ಥಿಯೊಬ್ಬನ ಪರಿಚಯವಾಗುತ್ತದೆ, ಇಬ್ಬರೂ ಒಟ್ಟಿಗೆ ಬಾಳತೊಡಗುತ್ತಾರೆ. ಅವಳು ಓದಬೇಕು, ಮುಂದೆ ಬರಬೇಕು, ತನ್ನ ಗೆಳೆಯರ ನಡುವೆ ಮಾತಾಡಬೇಕು ಎಂದು ಅವನು ಬಯಸುತ್ತಾನೆ. ಅದು ಆಗುವುದಿಲ್ಲವೆಂದು ಕಂಡಾಗ ಅವಳನ್ನು ಬಿಡುತ್ತಾನೆ. ಹೇಳಿಕೊಳ್ಳಲು ಇಷ್ಟೇ ಕಥೆ. ಆದರೆ ಇದರ ಕೊನೆಯ ದೃಶ್ಯವನ್ನು ನೋಡಿದವರು ಮರೆಯುವುದಿಲ್ಲ. ಮನೋರೋಗಿಗಳ ಆಸ್ಪತ್ರೆಯಲ್ಲಿರುವ ಅವಳನ್ನು ನೋಡಲು ಅವನು ಬರುತ್ತಾನೆ, ತಾನು ಗ್ರೀಸ್‌ಗೆ ಹೋಗಿದ್ದೆನೆಂದು ಅವಳು ಹೇಳುತ್ತಾಳೆ, ಅವನು ಹೊರಟುಹೋದ ಮೇಲೆ ಗ್ರೀಸ್ ದೇಶದ ಭಿತ್ತಿಪತ್ರವಿರುವ ಗೋಡೆಯ ಬಳಿ ಕುಳಿತ ಅವಳು ನಿಧಾನವಾಗಿ ತಿರುಗಿ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾಳೆ. ಆ ನೋಟದಲ್ಲಿ ದೂರಿಲ್ಲ, ಕಣ್ಣೀರಿಲ್ಲ, ನಮ್ಮ ಕರುಣೆಗಾಗಿ ಮಾಡಿದ ಬಿನ್ನಹವೂ ಇಲ್ಲ. ಇಪ್ಪತ್ತನಾಲ್ಕು ವರ್ಷದೊಳಗಿನ ನಟಿಯೊಬ್ಬಳು ತನ್ನ ಪಾತ್ರವನ್ನು ಪ್ರೇಕ್ಷಕರಿಗೆ ವಿವರಿಸಿ ಹೇಳಲು ನಿರಾಕರಿಸಿದ ಕ್ಷಣ ಅದು. ಮುಂದಿನ ಐದು ದಶಕಗಳ ಅಭಿನಯದ ಬೀಜ ಅಲ್ಲಿದೆಯೆಂದು ನಾನು ನಂಬುತ್ತೇನೆ. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ ಭರವಸೆಯ ಹೊಸ ಪ್ರತಿಭೆ ಎಂಬ ಗೌರವ ಸಿಕ್ಕಿದ್ದು ಈ ಚಿತ್ರಕ್ಕೇ.

'ಲಾ ಸೆರೆಮೊನಿ'ಗೆ ಬಂದಾಗ ಅದೇ ನಟಿಯೆಂದು ನಂಬಲು ಒಂದು ಕ್ಷಣ ಬೇಕಾಗುತ್ತದೆ. ಕ್ಲೋದ್ ಶಾಬ್ರೋಲ್ ನಿರ್ದೇಶನದ ಈ ಚಿತ್ರದಲ್ಲಿ ಹ್ಯೂಪೇರ್ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸಣ್ಣ ಊರೊಂದರ ಅಂಚೆ ಕಚೇರಿಯ ಝ್ಯಾನ್. ಎರಡು ಜಡೆ ಹಾಕಿಕೊಂಡು, ಬಿಡುವಿಲ್ಲದೆ ಹರಟುತ್ತ, ಊರಿನ ಸಿರಿವಂತ ಮನೆಯವರ ಮೇಲೆ ಹಗೆ ಸಾಧಿಸುವ ಹೆಂಗಸು. ತಮ್ಮ ಕಾಗದಗಳನ್ನು ಈಕೆ ಒಡೆದು ಓದುತ್ತಾಳೆಂಬುದು ಆ ಮನೆಯವರ ಆರೋಪ. ಓದುಬರಹ ಬಾರದೆಂಬುದನ್ನು ಮುಚ್ಚಿಟ್ಟುಕೊಂಡಿರುವ ಆ ಮನೆಯ ಕೆಲಸದಾಕೆಯಾಗಿ ಸಾಂಡ್ರಿನ್ ಬೋನೇರ್ ಇದ್ದಾರೆ. ಬೋನೇರ್ ಅಲುಗಾಡದೆ ನಿಲ್ಲುವೆಡೆ ಹ್ಯೂಪೇರ್ ಸುತ್ತಲೂ ಚಿಮ್ಮುತ್ತಿರುತ್ತಾರೆ. ಇಬ್ಬರೂ ಸೇರಿ ಚರ್ಚಿನ ದಾನಕ್ಕೆಂದು ಬಂದ ಬಟ್ಟೆಗಳನ್ನು ವಿಂಗಡಿಸುತ್ತ, ಇದು ಹರಕು, ಇದು ಯಾರಿಗೂ ಬೇಡ ಎಂದು ಬಿಸಾಡುವ ದೃಶ್ಯದಲ್ಲಿ ಒಂದು ಬಗೆಯ ಗೆಲುವಿದೆ, ಮುಂದೆ ಏನೋ ಕಾದಿದೆಯೆಂಬ ಭಯವೂ ಇದೆ. ರೂತ್ ರೆಂಡೆಲ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರಕ್ಕಾಗಿ ಇಬ್ಬರಿಗೂ ಒಟ್ಟಾಗಿ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಫ್ರಾನ್ಸಿನ ಸೀಸರ್ ಪ್ರಶಸ್ತಿ ಹ್ಯೂಪೇರ್ ಅವರಿಗೆ ಮೊದಲ ಬಾರಿ ದೊರೆತದ್ದೂ ಇದಕ್ಕೇ. ಕಥೆಯ ಅಂತ್ಯವನ್ನು ಮಾತ್ರ ಮೊದಲೇ ಎಲ್ಲಿಯೂ ಓದಿಕೊಂಡು ಹೋಗಬೇಡಿ.

ಮೂರನೆಯ ಚಿತ್ರ ಮಿಯಾ ಹಾನ್ಸೆನ್-ಲವ್ ಅವರದು. ನತಾಲಿ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕಿಯನ್ನು ಗಂಡ ಬಿಟ್ಟುಹೋಗುತ್ತಾನೆ, ತಾಯಿ ಸಾಯುತ್ತಾಳೆ, ಪ್ರಕಾಶಕರು ಅವಳ ಪುಸ್ತಕಗಳ ಬಗ್ಗೆ ಉತ್ಸಾಹ ಕಳೆದುಕೊಳ್ಳುತ್ತಾರೆ. ನಿರ್ದೇಶಕಿಯ ತಾಯಿಯೂ ತತ್ತ್ವಶಾಸ್ತ್ರದ ಅಧ್ಯಾಪಕಿಯೇ. ಒಂದು ದೃಶ್ಯದಲ್ಲಿ ನತಾಲಿ ಬಸ್ಸಿನಲ್ಲಿ ಕುಳಿತು ಅಳುತ್ತಿರುತ್ತಾಳೆ. ಕಿಟಕಿಯಾಚೆ ಗಂಡ ತನ್ನ ಹೊಸ ಸಂಗಾತಿಯೊಂದಿಗೆ ನಡೆದುಹೋಗುವುದು ಕಾಣುತ್ತದೆ. ಅಳುತ್ತಿದ್ದವಳಿಗೆ ನಗು ಉಕ್ಕುತ್ತದೆ. ಅಳು ಎಲ್ಲಿ ಮುಗಿಯಿತು, ನಗು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲು ಸಾಧ್ಯವೇ ಇಲ್ಲ. ತಣ್ಣನೆಯ ನಟಿಯೆಂಬ ಅಭಿಪ್ರಾಯ ಇದ್ದವರು ಇದೊಂದು ದೃಶ್ಯವನ್ನು ನೋಡಬೇಕು.

ಮುಖವನ್ನು ನೋಡುವ ಅಭ್ಯಾಸ

ಫ್ರೆಂಚ್ ಬಾರದ ನಮಗೆ ಒಂದು ಪ್ರಾಯೋಗಿಕ ತೊಂದರೆ ಇದೆ. ಈ ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ಸಿಗುವುದು ಅಪರೂಪ, ಇಂಗ್ಲಿಷ್ ಸಬ್‌ಟೈಟಲ್ಲನ್ನೇ ನೆಚ್ಚಿಕೊಳ್ಳಬೇಕು. ಕಣ್ಣು ಪರದೆಯ ಕೆಳಗಿನ ಸಾಲಿಗೆ ಇಳಿದಾಗಲೆಲ್ಲ ಮುಖ ತಪ್ಪಿಹೋಗುತ್ತದೆ. ಬೇರೆ ನಟರ ಮಟ್ಟಿಗೆ ಇದು ಅಷ್ಟು ದೊಡ್ಡ ನಷ್ಟವಾಗದಿರಬಹುದು. ಮಾತಿನಲ್ಲಿ ಬಾರದ್ದನ್ನು ಮುಖದಲ್ಲಿ ಇಟ್ಟಿರುವ ಹ್ಯೂಪೇರ್ ಅವರ ವಿಷಯದಲ್ಲಿ ಅರ್ಧದಷ್ಟು ಅಭಿನಯ ಕೈಬಿಟ್ಟುಹೋಗುತ್ತದೆ. ಆದ್ದರಿಂದ ಚಿತ್ರವನ್ನು ಒಮ್ಮೆ ಸಬ್‌ಟೈಟಲ್ ಸಹಿತ ಪೂರ್ತಿ ನೋಡಿ ಮುಗಿಸಿ, ಆನಂತರ ಮನಸ್ಸಿನಲ್ಲಿ ಉಳಿದ ನಾಲ್ಕಾರು ದೃಶ್ಯಗಳನ್ನು ಸಬ್‌ಟೈಟಲ್ ತೆಗೆದು ಮತ್ತೊಮ್ಮೆ ನೋಡಿ. ಮಾತಿನ ಅರ್ಥ ಆಗಲೇ ಗೊತ್ತಿರುವುದರಿಂದ ಕಣ್ಣಿಗೆ ಬಿಡುವು ಸಿಗುತ್ತದೆ.

ಆ ಎರಡನೆಯ ಸಲ ಮುಖ್ಯವಾಗಿ ಎರಡು ಸಂಗತಿಗಳನ್ನು ಗಮನಿಸಬಹುದು. ಎದುರಿಗಿರುವವರು ಮಾತಾಡುತ್ತಿರುವಾಗ ಹ್ಯೂಪೇರ್ ಏನು ಮಾಡುತ್ತಾರೆ ಎಂಬುದು ಒಂದು. ಅವರು ಕೇಳಿಸಿಕೊಳ್ಳುವ ಬಗೆಯಲ್ಲಿ ಒಪ್ಪಿಗೆಯ ತಲೆಯಾಡಿಕೆ ಕಡಿಮೆ. ಕೇಳಿದ್ದು ಒಳಗೆ ಹೋಗಿ ಎಲ್ಲಿಯೋ ಕೂತಿತು ಎಂಬಷ್ಟು ಮಾತ್ರ ತಿಳಿಯುತ್ತದೆ. ಇನ್ನೊಂದು ಅವರ ನಡಿಗೆ. 'ಥಿಂಗ್ಸ್ ಟು ಕಮ್'ನ ನತಾಲಿ ಸದಾ ಅವಸರದಲ್ಲಿದ್ದಾಳೆ, ಚೀಲ ಹೊತ್ತು ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಬಿರಬಿರನೆ ನಡೆಯುತ್ತಾಳೆ. ದುಃಖಕ್ಕೆ ನಿಂತು ಕೂರಲು ಅವಳಿಗೆ ಸಮಯವಿಲ್ಲ ಎಂಬುದನ್ನು ಚಿತ್ರ ಬೇರೆ ಯಾವ ರೀತಿಯಲ್ಲೂ ಹೇಳುವುದಿಲ್ಲ. ಬರೆದಿಟ್ಟುಕೊಳ್ಳುವ ಅಭ್ಯಾಸವಿರುವವರು ಕಥೆಯ ಸಾರಾಂಶವನ್ನು ಬಿಟ್ಟು ಇಂಥವನ್ನು ಬರೆದಿಟ್ಟುಕೊಂಡರೆ ಮುಂದಿನ ಚಿತ್ರಕ್ಕೆ ಉಪಯೋಗವಾಗುತ್ತದೆ.

ಶಾಬ್ರೋಲ್ ಅವರೊಂದಿಗೆ ಮಾಡಿದ ಏಳು ಚಿತ್ರಗಳು

ಮೂರು ಚಿತ್ರಗಳಾದ ಮೇಲೆ ಹೋಗಬೇಕಾದದ್ದು ಶಾಬ್ರೋಲ್ ಅವರ ಬಳಿಗೆ. 1978ರಿಂದ 2006ರವರೆಗೆ ಇಬ್ಬರೂ ಒಟ್ಟು ಏಳು ಚಿತ್ರಗಳನ್ನು ಮಾಡಿದರು. ಶಾಬ್ರೋಲ್ 2010ರಲ್ಲಿ ತೀರಿಕೊಂಡರು. ಹ್ಯೂಪೇರ್ ಅವರ ವೃತ್ತಿಜೀವನದ ಬೆನ್ನೆಲುಬು ಇದೇ, ಹಾಗಾಗಿ ಇಲ್ಲಿ ಅವಸರ ಮಾಡಬಾರದು.

ಮೊದಲನೆಯದು 'ವಿಯೊಲೆತ್ ನೋಜಿಯೇರ್'. 1933ರಲ್ಲಿ ತಂದೆತಾಯಿಗೆ ವಿಷವಿಕ್ಕಿದ ಪ್ಯಾರಿಸ್‌ನ ಯುವತಿಯೊಬ್ಬಳ ನಿಜಕಥೆ. ತಂದೆ ಸತ್ತ, ತಾಯಿ ಬದುಕಿಕೊಂಡಳು, ಮಗಳಿಗೆ ಮರಣದಂಡನೆಯಾಗಿ ಆನಂತರ ಅದು ಕಡಿಮೆಯಾಯಿತು. ಇಡೀ ಫ್ರಾನ್ಸ್ ಅವಳ ಪರವಾಗಿ ಮತ್ತು ವಿರುದ್ಧವಾಗಿ ಎರಡು ಪಾಳೆಯವಾಗಿದ್ದ ಪ್ರಕರಣವನ್ನು ತೆಗೆದುಕೊಂಡು ಯಾವ ಪಾಳೆಯಕ್ಕೂ ಸೇರದ ಚಿತ್ರವನ್ನು ಇವರಿಬ್ಬರೂ ಮಾಡಿದರು. ಮನೆಯಲ್ಲಿ ಇಕ್ಕಟ್ಟಾದ ಎರಡು ಕೋಣೆಯ ನಡುವೆ ಮಗಳಾಗಿಯೂ, ಬೀದಿಗೆ ಇಳಿಯುವಾಗ ಮೆಟ್ಟಿಲ ಮೇಲೆಯೇ ಬಟ್ಟೆಬಣ್ಣ ಬದಲಿಸಿಕೊಂಡು ಇನ್ನೊಬ್ಬಳಾಗಿಯೂ ಹ್ಯೂಪೇರ್ ಕಾಣಿಸುತ್ತಾರೆ. ಇಬ್ಬರಲ್ಲಿ ನಿಜವಾದವಳು ಯಾರೆಂಬ ಪ್ರಶ್ನೆಗೆ ಅವರು ಉತ್ತರ ಕೊಡುವುದಿಲ್ಲ. ಈ ಪಾತ್ರಕ್ಕೆ 1978ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಅಮೆರಿಕದ ಜಿಲ್ ಕ್ಲೇಬರ್ಗ್ ಅವರೊಂದಿಗೆ ಹಂಚಿಕೊಂಡರು.

ಇದರ ಜೊತೆಗೆ ಇಟ್ಟು ನೋಡಬೇಕಾದದ್ದು ಹತ್ತು ವರ್ಷಗಳ ನಂತರ ಬಂದ 'ಸ್ಟೋರಿ ಆಫ್ ವಿಮೆನ್'. ಇದೂ ನಿಜವಾಗಿ ನಡೆದದ್ದೇ. ಜರ್ಮನ್ ಆಕ್ರಮಣದ ಕಾಲದಲ್ಲಿ, ಜರ್ಮನ್ನರೊಂದಿಗೆ ಕೈಜೋಡಿಸಿದ್ದ ಫ್ರಾನ್ಸಿನ ವಿಶೀ ಸರ್ಕಾರದ ಆಡಳಿತದಲ್ಲಿ, ಗರ್ಭಪಾತ ಮಾಡಿಸುತ್ತಿದ್ದ ತಪ್ಪಿಗಾಗಿ ಮರಿ-ಲೂಯೀಸ್ ಝಿರೋ ಎಂಬ ಮಹಿಳೆಯನ್ನು 1943ರಲ್ಲಿ ಗಿಲೊಟಿನ್ನಿಗೆ ಒಡ್ಡಲಾಯಿತು. ಚಿತ್ರದಲ್ಲಿ ಅವಳ ಹೆಸರು ಮರಿ. ಬೇರೊಬ್ಬ ನಿರ್ದೇಶಕನಾಗಿದ್ದರೆ ಈಕೆಯನ್ನು ಹುತಾತ್ಮಳನ್ನಾಗಿ ಮಾಡಿಬಿಡುವುದು ಬಹಳ ಸುಲಭವಿತ್ತು. ಹ್ಯೂಪೇರ್ ಅವರ ಮರಿ ದುಡ್ಡು ಎಣಿಸಿ ಸಂತೋಷಪಡುತ್ತಾಳೆ, ದೊಡ್ಡ ಮನೆಗೆ ಹೋಗುತ್ತಾಳೆ, ತಾನೊಬ್ಬ ಗಾಯಕಿಯಾಗಬೇಕೆಂದು ಸಂಗೀತ ಪಾಠಕ್ಕೆ ಸೇರುತ್ತಾಳೆ, ಗಂಡನನ್ನು ತಾತ್ಸಾರದಿಂದ ಕಾಣುತ್ತಾಳೆ. ಕೊನೆಗೆ ಅವಳ ಮೇಲೆ ದೂರು ಕೊಡುವವನು ಆ ಗಂಡನೇ. ನಮಗೆ ಅವಳನ್ನು ಪೂರ್ತಿ ಮೆಚ್ಚಲು ಆಗುವುದಿಲ್ಲ, ಆದರೂ ಒಂದು ಸರ್ಕಾರ ತನ್ನ ನಾಚಿಕೆಗೇಡನ್ನು ಮುಚ್ಚಿಕೊಳ್ಳಲು ಒಬ್ಬ ಹೆಂಗಸಿನ ತಲೆ ತೆಗೆಯುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಳ್ಳೆಯವಳಲ್ಲದವಳಿಗೂ ನ್ಯಾಯ ಸಲ್ಲಬೇಕೆಂಬುದನ್ನು ಇಷ್ಟು ಗಟ್ಟಿಯಾಗಿ ಹೇಳಿದ ಅಭಿನಯವನ್ನು ನಾನು ಬೇರೆ ಕಂಡಿಲ್ಲ. ವೆನಿಸ್‌ನಲ್ಲಿ ಅವರ ಮೊದಲ ಪ್ರಶಸ್ತಿ ಇದಕ್ಕಾಗಿ ಬಂತು.

1991ರ 'ಮದಾಮ್ ಬೊವಾರಿ'ಯನ್ನು ಮೂಲ ಕಾದಂಬರಿಯನ್ನು ಓದಿದವರು ಮಾತ್ರ ಈ ಹಂತದಲ್ಲಿ ನೋಡಿದರೆ ಸಾಕು. ಚಿತ್ರ ಕಾದಂಬರಿಗೆ ಬಹಳ ನಿಷ್ಠವಾಗಿದೆ, ಆ ನಿಷ್ಠೆಯೇ ಅದನ್ನು ಕೊಂಚ ಬಿಗಿಯಾಗಿಸಿದೆ. 1997ರ 'ರಿಯಾಂ ನ ವಾ ಪ್ಲ್ಯು' ಹಗುರವಾದ ಮೋಸಗಾರರ ಕಥೆ, ರಜೆಯ ದಿನಕ್ಕೆ ಸರಿ. ಬಿಡಬಾರದ್ದು 2000ದ 'ಮೆರ್ಸಿ ಪೂರ್ ಲ ಶೊಕೊಲಾ'. ಲೊಸಾನ್ ನಗರದಲ್ಲಿ ಚಾಕೊಲೆಟ್ ಕಂಪನಿಯ ಒಡತಿ ಮೀಕಾ ಎಲ್ಲರಿಗೂ ತನ್ನ ಕೈಯಾರೆ ಬಿಸಿ ಚಾಕೊಲೆಟ್ ಮಾಡಿಕೊಡುತ್ತಾಳೆ. ಅವಳ ಧ್ವನಿ ಏರುವುದೇ ಇಲ್ಲ, ಉಪಚಾರದಲ್ಲಿ ಕೊರತೆಯಿಲ್ಲ, ಆ ಉಪಚಾರವೇ ನಮ್ಮನ್ನು ನಡುಗಿಸುತ್ತದೆ. ಪಾತ್ರೆ, ಚಮಚ, ಲೋಟ ಹಿಡಿಯುವ ಕೈಗಳನ್ನು ನೋಡಿ. ಏಳನೆಯದಾದ 'ಕಾಮಿಡಿ ಆಫ್ ಪವರ್'ನಲ್ಲಿ ಅವರು ಭ್ರಷ್ಟಾಚಾರದ ತನಿಖೆ ನಡೆಸುವ ನ್ಯಾಯಾಧೀಶೆ. ಎಲ್ಫ್ ತೈಲ ಕಂಪನಿಯ ಹಗರಣದ ನೆರಳು ಅದರ ಮೇಲಿದೆ. ಹಿಂದಿನ ಚಿತ್ರಗಳಲ್ಲಿ ಅಪರಾಧಿಯಾಗಿ ಕಟಕಟೆಯಲ್ಲಿ ನಿಂತವರು ಇಲ್ಲಿ ಮೇಜಿನ ಈಚೆ ಕುಳಿತು ಪ್ರಶ್ನೆ ಕೇಳುವುದನ್ನು ನೋಡುವುದರಲ್ಲಿ ವಿಶೇಷ ತೃಪ್ತಿಯಿದೆ.

ಹಾನೆಕೆ, ವರ್ಹೋವನ್

ಆಸ್ಟ್ರಿಯಾದ ನಿರ್ದೇಶಕ ಮಿಖಾಯೆಲ್ ಹಾನೆಕೆ ಅವರೊಂದಿಗಿನ ನಾಲ್ಕು ಚಿತ್ರಗಳಲ್ಲಿ ಮೊದಲನೆಯದು 2001ರ 'ದಿ ಪಿಯಾನೋ ಟೀಚರ್'. ಮುಂದೆ ನೊಬೆಲ್ ಪಡೆದ ಎಲ್ಫ್ರೀಡೆ ಯೆಲಿನೆಕ್ ಅವರ ಕಾದಂಬರಿ ಇದರ ಮೂಲ. ವಿಯೆನ್ನಾದ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿಸುವ ಎರಿಕಾ ಕೊಹುಟ್ ನಡುವಯಸ್ಸಿನಲ್ಲೂ ತಾಯಿಯ ಹಿಡಿತದಿಂದ ಹೊರಬರಲಾರದವಳು. ಅವಳ ಬಯಕೆಗಳು ಹಿಂಸೆಯ ರೂಪ ತಾಳಿವೆ. ಇದರಲ್ಲಿ ಲೈಂಗಿಕ ಹಿಂಸೆಯೂ ತನಗೆ ತಾನೇ ಗಾಯ ಮಾಡಿಕೊಳ್ಳುವ ದೃಶ್ಯಗಳೂ ಇವೆ. ಮನೆಮಂದಿಯ ಜೊತೆ ಕೂತು ನೋಡುವ ಚಿತ್ರವಲ್ಲ, ಮನಸ್ಸು ಕುಗ್ಗಿರುವ ದಿನ ನೋಡುವ ಚಿತ್ರವಂತೂ ಅಲ್ಲವೇ ಅಲ್ಲ. ಶಾಬ್ರೋಲ್ ಚಿತ್ರಗಳನ್ನು ಮುಗಿಸಿ ಇಲ್ಲಿಗೆ ಬಂದವರಿಗೆ ಒಂದು ಅನುಕೂಲವಿದೆ: ಎರಿಕಾಳನ್ನು ರೋಗದ ಮಾದರಿಯಾಗಿ ನೋಡದೆ, ತನ್ನನ್ನು ಯಾರೂ ಅರ್ಥಮಾಡಿಕೊಳ್ಳುವುದು ಬೇಡವೆಂದು ಹಟ ಹಿಡಿದ ಇನ್ನೊಬ್ಬ ಹೆಂಗಸಾಗಿ ನೋಡಲು ಆಗುತ್ತದೆ. ವಿದ್ಯಾರ್ಥಿಗಳು ಸಂಗೀತಗಾರ ಶೂಬರ್ಟ್‌ನ ಕೃತಿಗಳನ್ನು ನುಡಿಸುವಾಗ ಅವಳ ಮುಖದ ಮೇಲೆ ಹಾದುಹೋಗುವ ಸಣ್ಣ ಸಡಿಲಿಕೆಯನ್ನು ಹುಡುಕಿ ನೋಡಿ; ಚಿತ್ರದ ಎಲ್ಲ ಕೋಮಲತೆಯೂ ಅಲ್ಲಿ ಸೇರಿಕೊಂಡಿದೆ. ಕಾನ್‌ನಲ್ಲಿ ಇವರಿಗೆ ಅತ್ಯುತ್ತಮ ನಟಿ, ಸಹನಟ ಬೆನ್ವಾ ಮಾಜಿಮೆಲ್ ಅವರಿಗೆ ಅತ್ಯುತ್ತಮ ನಟ, ಚಿತ್ರಕ್ಕೆ ಗ್ರ್ಯಾಂಡ್ ಪ್ರಿ ಒಟ್ಟಿಗೇ ಬಂದವು.

ಹಾನೆಕೆ ಅವರ 'ಅಮೂರ್'ನಲ್ಲಿ ಅವರದು ಸಣ್ಣ ಪಾತ್ರ. ಹಾಸಿಗೆ ಹಿಡಿದ ತಾಯಿಯನ್ನು ನೋಡಲು ಆಗಾಗ ಬಂದುಹೋಗುವ ಮಗಳು, ಸಹಾಯ ಮಾಡಬೇಕೆಂದಿರುವವಳು, ಏನು ಮಾಡಬೇಕೆಂದು ತಿಳಿಯದವಳು. ದೂರದ ಊರಿನಲ್ಲಿ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ಕೆಲಸದಲ್ಲಿರುವ ಯಾರಿಗಾದರೂ ಆ ಮಗಳ ಕಸಿವಿಸಿ ತಟ್ಟದೆ ಇರದು. 2012ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಗೆದ್ದ ಈ ಚಿತ್ರದ ಭಾರವನ್ನೆಲ್ಲ ಇಬ್ಬರು ಹಿರಿಯ ನಟರು ಹೊತ್ತಿದ್ದಾರೆ, ಅವರಿಬ್ಬರಿಗೆ ಜಾಗ ಬಿಟ್ಟು ಹ್ಯೂಪೇರ್ ಬದಿಗೆ ನಿಂತಿದ್ದಾರೆ. ದೊಡ್ಡ ನಟಿಯೊಬ್ಬರು ಹಾಗೆ ಬದಿಗೆ ನಿಲ್ಲುವುದನ್ನೂ ನೋಡಿ ಕಲಿಯಬೇಕು.

ಡಚ್ ನಿರ್ದೇಶಕ ಪೌಲ್ ವರ್ಹೋವನ್ ಅವರ 2016ರ 'ಎಲ್' ಇದೇ ಸಾಲಿಗೆ ಸೇರುತ್ತದೆ, ಇದಕ್ಕೂ ಅದೇ ಎಚ್ಚರಿಕೆ ಅನ್ವಯಿಸುತ್ತದೆ. ಮೊದಲು ಅಮೆರಿಕದಲ್ಲಿ ತೆಗೆಯಬೇಕೆಂದಿದ್ದ ಚಿತ್ರ ಇದು. ಅಲ್ಲಿನ ನಟಿಯರು ಒಪ್ಪದೆ ಫ್ರಾನ್ಸಿಗೆ ಬಂತು. ಮನೆಯೊಳಗೆ ನುಗ್ಗಿದವನಿಂದ ಅತ್ಯಾಚಾರಕ್ಕೆ ಒಳಗಾದ ಮಿಶೆಲ್ ಎದ್ದು ಒಡೆದ ಪಿಂಗಾಣಿಯ ಚೂರುಗಳನ್ನು ಗುಡಿಸುತ್ತಾಳೆ, ಸ್ನಾನ ಮಾಡುತ್ತಾಳೆ, ಫೋನಿನಲ್ಲಿ ಸುಶಿ ತರಿಸುತ್ತಾಳೆ. ಆ ನಿಮಿಷಗಳಲ್ಲಿ ಒಂದು ಬಿಕ್ಕು ಕೂಡ ಇಲ್ಲ. ಇದು ಭಾವಶೂನ್ಯತೆಯೋ, ಆಘಾತವೋ, ಬಲಿಪಶುವಾಗಿ ಬದುಕಲಾರೆನೆಂಬ ಛಲವೋ ಎಂಬುದನ್ನು ಇಡೀ ಚಿತ್ರ ತೆರೆದೇ ಇಡುತ್ತದೆ. ಗೋಲ್ಡನ್ ಗ್ಲೋಬ್ ಮತ್ತು ಎರಡನೆಯ ಸೀಸರ್ ಇದಕ್ಕೆ ಸಿಕ್ಕವು, ಆಸ್ಕರ್ ನಾಮನಿರ್ದೇಶನವೂ ಅವರ ವೃತ್ತಿಯಲ್ಲಿ ಮೊದಲ ಬಾರಿಗೆ ಬಂತು. 'ಎಲ್' ಮತ್ತು 'ಥಿಂಗ್ಸ್ ಟು ಕಮ್' ಎರಡೂ ಒಂದೇ ವರ್ಷದಲ್ಲಿ ಬಂದವೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಎರಡನ್ನೂ ಹತ್ತಿರ ಹತ್ತಿರದ ದಿನಗಳಲ್ಲಿ ಮತ್ತೊಮ್ಮೆ ನೋಡಬಹುದು.

ಜೋಡಿಯಾಗಿ ನೋಡಬಹುದಾದ ಇನ್ನು ಕೆಲವು

ಮೋರಿಸ್ ಪಿಯಾಲಾ ಅವರ 1980ರ 'ಲೂಲೂ'ದಲ್ಲಿ ಹ್ಯೂಪೇರ್ ಮತ್ತು ಜೆರಾರ್ ದೆಪಾರ್ದ್ಯೂ ಪ್ರೇಮಿಗಳು. ಮೂವತ್ತೈದು ವರ್ಷಗಳ ಬಳಿಕ, 2015ರ 'ವ್ಯಾಲಿ ಆಫ್ ಲವ್'ನಲ್ಲಿ ಅದೇ ಇಬ್ಬರು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯ ಸುಡುಬಿಸಿಲಿನಲ್ಲಿ, ಬೇರ್ಪಟ್ಟ ದಂಪತಿಯಾಗಿ, ಸತ್ತ ಮಗ ಬರೆದಿಟ್ಟ ಪತ್ರ ಹಿಡಿದು ಅಲೆಯುತ್ತಾರೆ. ಪಾತ್ರಗಳ ಹೆಸರೂ ಇಸಾಬೆಲ್ ಮತ್ತು ಜೆರಾರ್. ಎರಡನೆಯ ಚಿತ್ರ ಅಂಥ ಶ್ರೇಷ್ಠವೇನಲ್ಲ, ಆದರೆ ಮೊದಲನೆಯದನ್ನು ನೋಡಿದವರಿಗೆ ಆ ಎರಡು ದೇಹಗಳು ಪಕ್ಕಪಕ್ಕ ನಿಲ್ಲುವುದೇ ಒಂದು ಕಥೆಯಾಗುತ್ತದೆ.

ಅದೇ 1980ರಲ್ಲಿ ಮೈಕೆಲ್ ಚಿಮಿನೊ ಅವರ 'ಹೆವನ್ಸ್ ಗೇಟ್' ಬಂತು. ನಿರ್ಮಾಣ ಸಂಸ್ಥೆಗೆ ಇಷ್ಟವಿಲ್ಲದಿದ್ದರೂ ನಿರ್ದೇಶಕ ಹಟ ಹಿಡಿದು ಹ್ಯೂಪೇರ್ ಅವರನ್ನೇ ಹಾಕಿಕೊಂಡ ಈ ಅಮೆರಿಕನ್ ಚಿತ್ರ ಭಾರಿ ನಷ್ಟ ಅನುಭವಿಸಿತು. ನೋಡುವುದಾದರೆ ಮೂರೂವರೆ ಗಂಟೆಗೂ ಮೀರಿದ ಪೂರ್ಣ ಆವೃತ್ತಿಯನ್ನೇ ನೋಡಿ, ಆಗ ಕತ್ತರಿಸಿ ಬಿಡುಗಡೆ ಮಾಡಿದ 149 ನಿಮಿಷಗಳ ಆವೃತ್ತಿ ಬೇಡ. ಹಾಸ್ಯ ಬೇಕೆನ್ನುವವರಿಗೆ ಫ್ರಾನ್ಸ್ವಾ ಓಜೋನ್ ಅವರ 2002ರ '8 ವಿಮೆನ್' ಇದೆ. ಸಿಡುಕು ಸ್ವಭಾವದ ಅವಿವಾಹಿತೆ ಒಗುಸ್ತಿನ್ ಆಗಿ ಹ್ಯೂಪೇರ್ ಹಾಡುತ್ತಾರೆ ಕೂಡ.

ಟೆಲಿವಿಷನ್ ಯಾವಾಗ

ಆರಂಭದ ವರ್ಷಗಳ ಫ್ರೆಂಚ್ ಟೆಲಿಚಿತ್ರಗಳು ನಮಗೆ ಸುಲಭವಾಗಿ ಸಿಗುವಂಥವಲ್ಲ. 2010ರಲ್ಲಿ ಅಮೆರಿಕದ 'ಲಾ ಆ್ಯಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್' ಧಾರಾವಾಹಿಯ ಒಂದು ಕಂತಿನಲ್ಲಿ ಅತಿಥಿ ಪಾತ್ರ ಮಾಡಿದರು. 2018ರ ಅಮೆಜಾನ್ ಸರಣಿ 'ದಿ ರೊಮನಾಫ್ಸ್'ನ ಮೂರನೆಯ ಕಂತಿನಲ್ಲಿ ನಟಿಯನ್ನು ಕಾಡಿಸುವ ವಿಚಿತ್ರ ನಿರ್ದೇಶಕಿಯಾಗಿದ್ದಾರೆ. ಪ್ರತಿ ಕಂತೂ ಬೇರೆ ಕಥೆಯಾದ್ದರಿಂದ ಅದೊಂದನ್ನೇ ನೋಡಬಹುದು.

ಆದರೆ ಟೆಲಿವಿಷನ್ನಿನಲ್ಲಿ ಅವರದು ಎಂದು ನೆನಪಿಡಬೇಕಾದದ್ದು ಫ್ರೆಂಚ್ ಸರಣಿ 'ಕಾಲ್ ಮೈ ಏಜೆಂಟ್'ನ ಮೂರನೆಯ ಸೀಸನ್ನಿನ ಒಂದು ಕಂತು. ಮೂಲದಲ್ಲಿ 'ದೀ ಪೂರ್ ಸಾಂ' ಎಂಬ ಈ ಸರಣಿ ಫ್ರಾನ್ಸ್ 2 ವಾಹಿನಿಯದು, ನೆಟ್‌ಫ್ಲಿಕ್ಸ್ ಮೂಲಕ ಜಗತ್ತಿಗೆ ಹರಡಿತು. 2021ರಲ್ಲಿ ಇದರ ಹಿಂದಿ ರೂಪವೂ ಬಂದಿತ್ತು. ಪ್ರತಿ ಕಂತಿನಲ್ಲಿ ಒಬ್ಬ ಪ್ರಸಿದ್ಧ ನಟ ಅಥವಾ ನಟಿ ತಮ್ಮ ಹೆಸರಿನಲ್ಲೇ ಬರುತ್ತಾರೆ. ಹ್ಯೂಪೇರ್ ಅವರ ಕಂತಿನಲ್ಲಿ ಅವರು ಒಪ್ಪಂದಕ್ಕೆ ವಿರುದ್ಧವಾಗಿ ಒಂದೇ ಸಮಯದಲ್ಲಿ ಎರಡು ಚಿತ್ರಗಳಲ್ಲಿ ಅಭಿನಯಿಸುತ್ತಿದ್ದು, ಏಜೆಂಟರು ಅವರನ್ನು ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಕದ್ದುಮುಚ್ಚಿ ಸಾಗಿಸಲು ಪ್ಯಾರಿಸ್‌ನ ರಾತ್ರಿಯಲ್ಲಿ ಪಡಬಾರದ ಪಾಡು ಪಡುತ್ತಾರೆ. ಇದನ್ನು ಕೊನೆಕೊನೆಗೆ ನೋಡಬೇಕೆನ್ನುವುದಕ್ಕೆ ಕಾರಣವಿದೆ. ಕೆಲಸವಿಲ್ಲದೆ ಒಂದು ದಿನವೂ ಇರಲಾರದ ನಟಿಯೆಂಬ ಅವರ ಖ್ಯಾತಿಯೇ ಇಲ್ಲಿನ ನಗುವಿನ ಮೂಲ, ಹಾಗಾಗಿ ಅವರ ಹತ್ತು ಹನ್ನೆರಡು ಚಿತ್ರಗಳನ್ನಾದರೂ ನೋಡಿದವರಿಗೆ ಮಾತ್ರ ಅದರ ಪೂರ್ಣ ರುಚಿ ಹತ್ತುತ್ತದೆ. ತನ್ನ ಬಗ್ಗೆ ಜನ ಆಡುವ ಮಾತನ್ನು ಅವರು ಎಷ್ಟು ಸಂತೋಷದಿಂದ ಎತ್ತಿ ಆಡಿಸಿದ್ದಾರೆಂಬುದು ನೋಡುವಂತಿದೆ.

ಹುಡುಕುವಾಗ ಗಮನದಲ್ಲಿರಲಿ

ಹುಡುಕುವುದೇ ಅರ್ಧ ಕೆಲಸ. ಮೂಬಿ, ನೆಟ್‌ಫ್ಲಿಕ್ಸ್, ಪ್ರೈಮ್ ಮೊದಲಾದ ಕಡೆ ಈ ಚಿತ್ರಗಳು ಬರುತ್ತವೆ, ಕೆಲವು ತಿಂಗಳಿದ್ದು ಹೋಗುತ್ತವೆ. ಹೆಸರೊಂದನ್ನೇ ಹಾಕಿ ಹುಡುಕಿದರೆ ಬೇರೆ ಚಿತ್ರ ಸಿಗುವ ಸಾಧ್ಯತೆ ಹೆಚ್ಚು: 'ಥಿಂಗ್ಸ್ ಟು ಕಮ್' ಎಂಬ ಹೆಸರಿನ 1936ರ ಬ್ರಿಟಿಷ್ ವೈಜ್ಞಾನಿಕ ಕಲ್ಪನೆಯ ಚಿತ್ರವೊಂದಿದೆ, ಉರ್ಸುಲಾ ಮೇಯರ್ ನಿರ್ದೇಶನದ 'ಹೋಮ್' ಹುಡುಕುವವರಿಗೆ ಮರುವರ್ಷವೇ ಬಂದ ಅದೇ ಹೆಸರಿನ ಸಾಕ್ಷ್ಯಚಿತ್ರ ಎದುರಾಗುತ್ತದೆ. ಆದ್ದರಿಂದ ಫ್ರೆಂಚ್ ಹೆಸರು, ಇಂಗ್ಲಿಷ್ ಹೆಸರು, ನಿರ್ದೇಶಕರ ಹೆಸರು, ವರ್ಷ ನಾಲ್ಕನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿರುವವರು ವಸಂತನಗರದ ಫ್ರೆಂಚ್ ಸಾಂಸ್ಕೃತಿಕ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್‌ನ ಕಾರ್ಯಕ್ರಮಗಳ ಮೇಲೆ ಕಣ್ಣಿಟ್ಟಿರಬಹುದು. ಇಂಗ್ಲಿಷ್ ಧ್ವನಿ ಸೇರಿಸಿದ ಡಬ್ಬಿಂಗ್ ಪ್ರತಿ ಸಿಕ್ಕರೆ ಮುಟ್ಟಬೇಡಿ. ಅವರ ಸಮತಟ್ಟಾದ, ಆತುರದ ಆ ಧ್ವನಿಯಿಲ್ಲದೆ ಅಭಿನಯ ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ದಕ್ಷಿಣ ಕೊರಿಯಾದ ಹಾಂಗ್ ಸಾಂಗ್-ಸೂ ಅವರೊಂದಿಗೆ ಮಾಡಿದ ಮೂರು ಚಿತ್ರಗಳಿಗೆ ಹೋಗಬಹುದು. 2012ರ 'ಇನ್ ಅನದರ್ ಕಂಟ್ರಿ'ಯಲ್ಲಿ ಕೊರಿಯಾದ ಕಡಲೂರಿಗೆ ಬರುವ ಆನ್ ಎಂಬ ಒಂದೇ ಹೆಸರಿನ ಮೂವರು ಫ್ರೆಂಚ್ ಮಹಿಳೆಯರಾಗಿದ್ದಾರೆ. 2017ರ 'ಕ್ಲೇರ್ಸ್ ಕ್ಯಾಮೆರಾ'ವನ್ನು, 'ಎಲ್' ಪ್ರದರ್ಶನಕ್ಕೆಂದು ಅವರು ಕಾನ್‌ಗೆ ಹೋಗಿದ್ದ ದಿನಗಳಲ್ಲೇ ಅಲ್ಲಿನ ಬೀದಿಗಳಲ್ಲಿ ತೆಗೆಯಲಾಯಿತು. 2024ರ 'ಎ ಟ್ರಾವೆಲರ್ಸ್ ನೀಡ್ಸ್' ಬರ್ಲಿನ್‌ನಲ್ಲಿ ತೀರ್ಪುಗಾರರ ಮಹಾಪ್ರಶಸ್ತಿ ಗೆದ್ದಿತು. ಅದರಲ್ಲಿ ಅವರು ಸಿಯೋಲ್‌ನಲ್ಲಿ ಕೈಗೆ ಸಿಕ್ಕ ಕಾರ್ಡುಗಳ ಮೇಲೆ ವಾಕ್ಯ ಬರೆದುಕೊಟ್ಟು ಫ್ರೆಂಚ್ ಕಲಿಸುವ, ಅಕ್ಕಿಯ ಹೆಂಡವನ್ನು ಇಷ್ಟಪಡುವ, ಎಲ್ಲಿಂದ ಬಂದಳೆಂದು ಯಾರಿಗೂ ತಿಳಿಯದ ಐರಿಸ್. ಸಣ್ಣ ತಂಡ, ಕಡಿಮೆ ಹಣ, ಬಿಗಿಯಾದ ಚಿತ್ರಕಥೆಯ ಹಂಗಿಲ್ಲದ ಇವು ಅವರ ಅತ್ಯಂತ ನಿರಾಳವಾದ ಕೆಲಸ. ಮೂರನ್ನೂ ಬಂದ ಅನುಕ್ರಮದಲ್ಲೇ ನೋಡಿ, ಅವುಗಳ ನಂತರ ಪತ್ರೀಶಿಯಾ ಮಾಜುಯಿ ಅವರ 2000ದ 'ಸಾಂ-ಸೀರ್' ಮತ್ತು ಅದೇ ನಿರ್ದೇಶಕಿಯ 2024ರ 'ವಿಸಿಟಿಂಗ್ ಅವರ್ಸ್' ಜೋಡಿಗೆ ಹೋಗಿ.